ವಾದ್ಯಗೋಷ್ಠಿಗೆ ಹಳೇ ವ್ಯಾನು

ಜಾತ್ರೆಯ ರಾತ್ರಿ ದಾರಿಯಲ್ಲಿ ಗಾಡಿ ಕೈಕೊಟ್ಟರೆ ಆರ್ಕೆಸ್ಟ್ರಾ ತಂಡಕ್ಕೆ ಸಂಭಾವನೆಯೂ ಇಲ್ಲ, ಮರುವರ್ಷದ ಕರೆಯೂ ಇಲ್ಲ. ಆದರೂ ಸೆಕೆಂಡ್‌ಹ್ಯಾಂಡ್ ಟೆಂಪೋ ಟ್ರಾವೆಲರ್ ನೋಡಲು ಹೋದವರು ಸೀಟಿನ ಮೆತ್ತೆಯನ್ನೇ ಒತ್ತಿ ನೋಡುತ್ತಾರೆ! ಬಗ್ಗಿ ತಳ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಚಾಸಿಯನ್ನು ಉಪ್ಪುಗಾಳಿ ತಿಂದಿರಬಹುದು.

ಖಾಲಿ ಗಾಡಿ ಓಡಿಸಿ ಒಪ್ಪಬೇಡಿ. ಗಾಯಕರು, ಸ್ಪೀಕರು, ಡ್ರಮ್ಮು ಎಲ್ಲ ತುಂಬಿಕೊಂಡು ದಿಬ್ಬ ಹತ್ತಿಸಿ. ನೀಲಿ ಹೊಗೆ ಬಂತೋ, ಎಂಜಿನ್ ಆಯಿಲ್ ಕುಡಿಯುತ್ತಿದೆ. ಬೆಲೆ ಎಷ್ಟಿಳಿಸಿದರೂ ಬೇಡ.

ಹಳದಿ ಬೋರ್ಡಿನದಾದರೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್.ಸಿ. ಖರ್ಚುಂಟು. ಹಳೇ ಸಾಲ ತೀರಿದ ಪತ್ರ ಕಾಣದೆ ಮುಂಗಡ ಕೊಡಬೇಡಿ.

ಕೊಳ್ಳುವುದಾದರೆ ಮಳೆಗಾಲದಲ್ಲೇ ಕೊಳ್ಳಿ. ಆಗ ಕಾರ್ಯಕ್ರಮ ಕಡಿಮೆ, ನೋಡಲು ಪುರುಸೊತ್ತುಂಟು. ಕೀಬೋರ್ಡು ಇಡುವ ಜಾಗದಲ್ಲಿ ಛಾವಣಿ ಸೋರುತ್ತದೆಯೇ ಎಂಬುದೂ ಗೊತ್ತಾಗುತ್ತದೆ.