ಔಷಧ ಪ್ರಯೋಗವೂ ನಮ್ಮ ಹೆಬ್ಬೆಟ್ಟೂ

ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರದ ವಿಷಯವಾಗಿ ಬರೆಯಹೊರಟರೆ ಮಿತ್ರರು ನಗುವುದು ಸಹಜ. ಸಂಪಾದಕ ಸಮಿತಿಯ ಗೆಳೆಯರೊಬ್ಬರು, "ನಿಮ್ಮ ಚಿಂತಾಕಿಯ ಕಡೆಯ ಜಾತ್ರೆಯ ಮೇಲೆ ಬರೆಯಬಾರದೇ?" ಎಂದು ಕೇಳಿಯೂ ಬಿಟ್ಟರು. ಜಾತ್ರೆಯ ಮೇಲೆ ಬರೆಯುವವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೊಸ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವಾಗ ಅವರಿಂದ ಪಡೆಯುವ ಒಪ್ಪಿಗೆ ಎಂತಹದು, ಅದನ್ನು ಯಾವ ಭಾಷೆಯಲ್ಲಿ ಪಡೆಯಲಾಗುತ್ತದೆ ಎಂಬ ಪ್ರಶ್ನೆಯನ್ನು ಡಾಕ್ಟರರಿಗಷ್ಟೇ ಬಿಟ್ಟುಕೊಟ್ಟು ನಾವು ಕೈಕಟ್ಟಿ ಕೂಡುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಆದುದರಿಂದ ಈ ಲೇಖನ.

ಉದಾಹರಣೆಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರನ್ನು ತೆಗೆದುಕೊಳ್ಳುತ್ತೇನೆ. ಮೈಗೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ರೋಗವಿದು. ಬಿಳಿಯ ಜನಾಂಗದವರಲ್ಲಿ ಬಿಸಿಲಿನ ಕಾರಣದಿಂದ ಬಹಳ. ಆಸ್ಟ್ರೇಲಿಯದಲ್ಲಿ ಇದರ ಹಾವಳಿ ಲೋಕಪ್ರಸಿದ್ಧ. ನಮ್ಮ ದೇಶದಲ್ಲಿ ಅಪರೂಪ. ಆದರೆ ನಮ್ಮಂತಹ ಕಪ್ಪು ಮೈಯವರಿಗೆ ಬಂದಾಗ ಅದು ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ, ಬಾಯಿ ಗುದಗಳ ಒಳಪೊರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೂ ಅದಕ್ಕೂ ನಂಟು ಕಡಮೆ. ತೊಗರಿ ಕೊಯ್ದ ಹೊಲದ ಕೂಳೆಯಲ್ಲಿ ಬರಿಗಾಲಲ್ಲಿ ನಡೆದವರ ಅಂಗಾಲಿನಲ್ಲಿ ಕರಿಯ ಕಲೆಯೊಂದು ಕಂಡರೆ ಯಾರು ತಾನೆ ಅದನ್ನು ಕ್ಯಾನ್ಸರೆಂದು ತಿಳಿದಾರು? ಮುಳ್ಳು ಮುರಿದಿರಬೇಕೆಂದು ಸೂಜಿಯಿಂದ ಕೆದಕುವುದೇ ವಾಡಿಕೆ. ಜಮೈಕಾದ ಗಾಯಕ ಬಾಬ್ ಮಾರ್ಲೆಗೆ ಈ ರೋಗ ಕಾಲ್ಬೆರಳಿನ ಉಗುರಿನಡಿಯಲ್ಲಿ ಹುಟ್ಟಿತ್ತು; 1977ರಲ್ಲಿ ಗೊತ್ತಾಯಿತು, 1981ರಲ್ಲಿ ತನ್ನ 36ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ.

ಮೆಲನೋಮ ಮೈಯೆಲ್ಲ ಹರಡಿದ ಮೇಲೆ ವೈದ್ಯರ ಕೈಯಲ್ಲಿ 2010ರವರೆಗೆ ಹೆಚ್ಚೇನೂ ಇರಲಿಲ್ಲ. ಆ ವರ್ಷ ಇಪಿಲಿಮುಮಾಬ್ ಎಂಬ ಔಷಧದ ಪ್ರಯೋಗದ ಫಲ ಪ್ರಕಟವಾಯಿತು. 676 ರೋಗಿಗಳ ಪೈಕಿ ಹೋಲಿಕೆಯ ಗುಂಪಿನಲ್ಲಿ ಅರ್ಧ ಜನ 6.4 ತಿಂಗಳೊಳಗೆ ಸತ್ತರೆ, ಹೊಸ ಔಷಧ ಪಡೆದವರಲ್ಲಿ ಅರ್ಧ ಜನ 10 ತಿಂಗಳು ದಾಟಿದರು. ಮೂರೂವರೆ ತಿಂಗಳಿಗೆ ಇಷ್ಟೊಂದು ಸಂಭ್ರಮವೇ ಎನ್ನಬೇಡಿ. ಈ ಔಷಧ ಕ್ಯಾನ್ಸರನ್ನು ನೇರವಾಗಿ ಸುಡುವುದಿಲ್ಲ. ನಮ್ಮದೇ ರಕ್ತದ ಕಾವಲುಕೋಶಗಳಿಗೆ ಬಿದ್ದ ಕಡಿವಾಣವನ್ನು ಬಿಚ್ಚುತ್ತದೆ, ಯುದ್ಧವನ್ನು ಅವು ಮಾಡುತ್ತವೆ. ಈ ತತ್ತ್ವವನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮುಂದೆ ನಿವೊಲುಮಾಬ್ ಎಂಬ ಇನ್ನೊಂದನ್ನು ಇದರೊಡನೆ ಕೂಡಿಸಿ 945 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಹತ್ತು ವರ್ಷಗಳ ಲೆಕ್ಕ 2024ರಲ್ಲಿ ಹೊರಬಂದಿತು. ಎರಡೂ ಔಷಧ ಪಡೆದವರಲ್ಲಿ ನೂರಕ್ಕೆ 43 ಮಂದಿ ಹತ್ತು ವರ್ಷ ಕಳೆದರೂ ಬದುಕಿದ್ದರು. ಒಂದು ಕಾಲಕ್ಕೆ ವರ್ಷ ದಾಟುವುದೇ ಕಷ್ಟವಾಗಿದ್ದ ರೋಗವಿದು.

ಇದೆಲ್ಲ ಸಾಧ್ಯವಾದದ್ದು ಸಾವಿರಾರು ರೋಗಿಗಳು ಚೀಟಿಗೆ ತಲೆಬಾಗಿದ್ದರಿಂದ. ಚೀಟಿಯೆಂದರೆ ಅಕ್ಷರಶಃ ಚೀಟಿಯೇ. ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ವೈದ್ಯನೂ ನಿರ್ಧರಿಸುವಂತಿಲ್ಲ, ರೋಗಿಯೂ ಕೇಳುವಂತಿಲ್ಲ. ಯಂತ್ರ ಎತ್ತಿದ ಚೀಟಿಯೇ ಪ್ರಮಾಣ. ವೆಮುರಾಫೆನಿಬ್ ಎಂಬ ಗುಳಿಗೆಯ ಪ್ರಯೋಗ ನಡೆಯುತ್ತಿದ್ದಾಗ ಅಮೆರಿಕದಲ್ಲಿ ಒಂದೇ ಕುಟುಂಬದ ಇಬ್ಬರು ತರುಣರಿಗೆ ಇದೇ ರೋಗ ಬಂದಿತ್ತು. ಒಬ್ಬನಿಗೆ ಹೊಸ ಗುಳಿಗೆಯ ಚೀಟಿ, ಇನ್ನೊಬ್ಬನಿಗೆ 1975ರಿಂದ ಬಳಕೆಯಲ್ಲಿದ್ದ ಡಕಾರ್ಬಜೀನ್. ಎರಡನೆಯವನು ಸತ್ತ. 2010ರಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ಇದು ದೊಡ್ಡ ವಿವಾದವಾಯಿತು. ಒಟ್ಟು 675 ರೋಗಿಗಳ ಆ ಪ್ರಯೋಗದಲ್ಲಿ ಹಳೆಯ ಔಷಧಕ್ಕೆ ಗಡ್ಡೆ ಕರಗಿದ್ದು ನೂರಕ್ಕೆ 5 ಮಂದಿಯಲ್ಲಿ, ಹೊಸದಕ್ಕೆ 48 ಮಂದಿಯಲ್ಲಿ. ಮೊದಲ ಹಂತದಲ್ಲಿಯೇ ಹೊಸದರ ಗುಣ ಕಣ್ಣಿಗೆ ಕಟ್ಟಿದ್ದಾಗ ಅರ್ಧ ಜನರಿಗೆ ಹಳೆಯದನ್ನು ಕೊಟ್ಟದ್ದು ನ್ಯಾಯವೇ?

ಈ ಪ್ರಶ್ನೆಗೆ ನಾನು ಮೊದಲು ನ್ಯಾಯವಲ್ಲವೆಂದೇ ಉತ್ತರ ಬರೆದುಕೊಂಡಿದ್ದೆ. ಆಮೇಲೆ ಎಪಕಾಡೊಸ್ಟಾಟ್ ಎಂಬ ಔಷಧದ ಕಥೆ ಓದಿದೆ. ಅದೂ ಇದೇ ರೋಗಕ್ಕೆ. ಮೊದಲ ಹಂತಗಳಲ್ಲಿ ಅದೂ ಎಲ್ಲರಲ್ಲಿ ಆಸೆ ಹುಟ್ಟಿಸಿತ್ತು. 706 ರೋಗಿಗಳನ್ನು ಚೀಟಿಯ ಮೂಲಕ ಎರಡು ಗುಂಪು ಮಾಡಿ ನೋಡಿದಾಗ, 2018ರಲ್ಲಿ, ಅದರಿಂದ ಏನೂ ಹೆಚ್ಚಿನ ಪ್ರಯೋಜನವಿಲ್ಲವೆಂದು ತಿಳಿಯಿತು. ಚೀಟಿ ಎತ್ತದೆ ಎಲ್ಲರಿಗೂ ಕೊಟ್ಟಿದ್ದರೆ ಇಂದಿಗೂ ಜನ ಅದನ್ನು ಹೊಲ ಮಾರಿ ಕೊಳ್ಳುತ್ತಿದ್ದರೇನೋ. ಹೀಗಿರಲು ಚೀಟಿ ಬೇಕು. ಆದರೆ ಯಾವುದು ಮೇಲೆಂದು ನಿಜವಾಗಿ ತಿಳಿಯದಿರುವವರೆಗೆ ಮಾತ್ರ. ಮೇಲೆಂದು ಕಾಣತೊಡಗಿದೊಡನೆ ಹಳೆಯ ಗುಂಪಿನವರಿಗೂ ಹೊಸದನ್ನು ಕೊಡುವ ಏರ್ಪಾಟು ಮೊದಲ ದಿನವೇ ಕಾಗದದಲ್ಲಿ ಬರೆದಿರಬೇಕು. ವೆಮುರಾಫೆನಿಬ್ ಪ್ರಯೋಗದಲ್ಲಿ ಆ ಅವಕಾಶ ಕೊಟ್ಟದ್ದು ನಡುವಿನ ಲೆಕ್ಕ ನೋಡಿದ ನಂತರ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಈ ಪ್ರಯೋಗಗಳಲ್ಲಿ ಕುಳಿತ ರೋಗಿಗಳಲ್ಲಿ ಬಹುಪಾಲು ಬಿಳಿಯರು. ವೆಮುರಾಫೆನಿಬ್ ಕೆಲಸ ಮಾಡುವುದು ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಮಾರ್ಪಾಟು ಇದ್ದರೆ ಮಾತ್ರ. ಅದು ಬಿಳಿಯರ ಚರ್ಮದ ಮೆಲನೋಮದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಉಂಟು, ಅಂಗಾಲಿನ ಮೆಲನೋಮದಲ್ಲಿ ಬಹಳ ಕಡಮೆ. ಅಂದರೆ ಅವರ ಬೆನ್ನಿನ ಮೇಲೆ ಪರೀಕ್ಷಿಸಿದ ಮದ್ದು ನಮ್ಮ ಅಂಗಾಲಿಗೆ ತಾಗಬೇಕೆಂಬ ನಿಯಮವೇನೂ ಇಲ್ಲ. ಚೀನೀಯರು ಇದನ್ನು ಅರಿತು, ಅಂಗಾಲಿನ ಮತ್ತು ಒಳಪೊರೆಯ ರೋಗವೇ ಹೆಚ್ಚಾಗಿದ್ದ ತಮ್ಮ ರೋಗಿಗಳ ಮೇಲೆ ತಮ್ಮದೇ ಟೊರಿಪಾಲಿಮಾಬ್ ಎಂಬ ಔಷಧವನ್ನು ಪರೀಕ್ಷಿಸಿ, 2018ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟುಕೊಂಡರು. ಅದಕ್ಕೆ ಗಡ್ಡೆ ಕರಗಿದ್ದು ನೂರಕ್ಕೆ 17 ಮಂದಿಯಲ್ಲಿ ಮಾತ್ರ. ಆದರೂ ಅದು ಅವರ ಮೈಯ ಸತ್ಯ.

ನಮ್ಮವರೂ ಸುಮ್ಮನೆ ಕುಳಿತಿಲ್ಲ. ನಿವೊಲುಮಾಬಿನ ಪೂರ್ಣ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಅದರ ಬೆಲೆ ಕೇಳಿದರೆ ಔರಾದಿನ ರೈತನಿಗೆ ತಲೆ ತಿರುಗೀತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಮೂರು ವಾರಕ್ಕೊಮ್ಮೆ ಬರಿಯ 20 ಮಿಲಿಗ್ರಾಂ ಕೊಟ್ಟರೆ ಹೇಗೆಂದು ಬಾಯಿ, ಗಂಟಲು ಮುಂತಾದ ತಲೆ-ಕುತ್ತಿಗೆಯ ಕ್ಯಾನ್ಸರಿನ 151 ರೋಗಿಗಳ ಮೇಲೆ, ಚೀಟಿಯ ಕ್ರಮದಲ್ಲಿಯೇ, ಪರೀಕ್ಷಿಸಿದರು. ಫಲ 2023ರಲ್ಲಿ ಪ್ರಕಟವಾಯಿತು. ಅಗ್ಗದ ಗುಳಿಗೆಗಳನ್ನಷ್ಟೇ ಪಡೆದವರಲ್ಲಿ ವರ್ಷ ದಾಟಿದವರು ನೂರಕ್ಕೆ 16. ಗುಳಿಗೆಯ ಜೊತೆಗೆ ಆ ಚಿಟಿಕೆ ಮದ್ದನ್ನೂ ಪಡೆದವರಲ್ಲಿ 43. ಬಡ ದೇಶಗಳಲ್ಲಿ ದುಬಾರಿ ಚಿಕಿತ್ಸೆ ಮುಟ್ಟುವುದು ನೂರಕ್ಕೆ ಒಂದರಿಂದ ಮೂರು ಮಂದಿಗೆ ಮಾತ್ರವೆಂದು ಅದೇ ವರದಿ ಹೇಳುತ್ತದೆ. ಕಡಮೆ ಕೊಟ್ಟರೂ ನಡೆದೀತೇ ಎಂದು ಕೇಳಲು ಔಷಧ ಮಾರುವ ಕಂಪನಿಗೆ ಏನು ಅಗತ್ಯ? ಗುಟಕಾ, ತಂಬಾಕು ಮನೆಮನೆಯಲ್ಲಿರುವ ನಮ್ಮ ಬೀದರ ಜಿಲ್ಲೆಗೆ ನೊಬೆಲ್ ಪಾರಿತೋಷಕಕ್ಕಿಂತಲೂ ಈ 20 ಮಿಲಿಗ್ರಾಮೇ ದೊಡ್ಡ ಸುದ್ದಿಯೆಂದು ನಾನು ಭಾವಿಸುತ್ತೇನೆ.

"ಬಡವರನ್ನು ಇಲಿಗಳಂತೆ ಬಳಸುತ್ತಾರೆ" ಎಂಬ ಆಕ್ಷೇಪ ಹಾಸ್ಟೆಲಿನಲ್ಲಿ ಈ ವಿಷಯ ತೆಗೆದಾಗಲೆಲ್ಲ ಬರುತ್ತದೆ. ಅದು ಸುಳ್ಳಲ್ಲ. 2005ರಿಂದ 2012ರವರೆಗೆ 475 ಹೊಸ ಔಷಧಗಳ ಪ್ರಯೋಗಗಳಲ್ಲಿ 2,644 ಮಂದಿ ಸತ್ತರೆಂದೂ, ಅವರಲ್ಲಿ 80 ಜನರ ಸಾವಿಗೆ ಪ್ರಯೋಗವೇ ಕಾರಣವೆಂದೂ ಕೇಂದ್ರ ಸರಕಾರವೇ 2013ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಸ್ಥೆ ದಾವೆ ಹೂಡದಿದ್ದರೆ ಅಷ್ಟೂ ಹೊರಬರುತ್ತಿರಲಿಲ್ಲ. ಪರಿಹಾರದ ನಿಯಮ ಬಂದದ್ದು 2013ರಲ್ಲಿ, ಪೂರ್ಣ ಕಟ್ಟಳೆ 2019ರಲ್ಲಿ.

ನಮ್ಮ ಮೂಲೆಗೆ ಇವೆಲ್ಲ ಬರುವುದಿಲ್ಲವೆನ್ನುವವರು ನೆರೆಯ ಉಸ್ಮಾನಾಬಾದನ್ನು, ಈಗಿನ ಧಾರಾಶಿವವನ್ನು, ನೆನೆಯಬೇಕು. 1956ರವರೆಗೆ ಅದೂ ಬೀದರವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಅಲ್ಲಿ 1999ರಿಂದ 52 ಹಳ್ಳಿಗುಂಪುಗಳನ್ನು ಚೀಟಿಯಿಂದಲೇ ನಾಲ್ಕು ಪಾಲು ಮಾಡಿ, 1,31,746 ಸ್ತ್ರೀಯರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಪರೀಕ್ಷೆಗಳನ್ನು ಹೋಲಿಸಿದರು. ಔಷಧದ ಪ್ರಯೋಗವಲ್ಲ ಅದು, ಆದರೆ ಚೀಟಿಯ ನ್ಯಾಯ ಒಂದೇ. ವೈರಾಣು ಪರೀಕ್ಷೆ ದೊರೆತ ಪಾಲಿನ 34,126 ಸ್ತ್ರೀಯರಲ್ಲಿ ಆ ರೋಗದಿಂದ ಸತ್ತವರು 34. ಪರೀಕ್ಷೆಯಿಲ್ಲದೆ ಉಳಿದ ಪಾಲಿನ 31,488 ಸ್ತ್ರೀಯರಲ್ಲಿ 64. ಈ ಲೆಕ್ಕ 2009ರಲ್ಲಿ ಪ್ರಕಟವಾಗಿ ಜಗತ್ತಿಗೇ ಉಪಕಾರವಾಯಿತೆಂಬುದು ನಿಜ. ಆ 64 ಮಂದಿಯ ಹಳ್ಳಿಗಳಿಗೆ ಚೀಟಿಯ ಅರ್ಥವನ್ನು ಯಾವ ಮಾತಿನಲ್ಲಿ ತಿಳಿಸಿದ್ದರೆಂದು ಕೇಳುವ ಹಕ್ಕು ನಮಗಿದೆ.

ಏಕೆಂದರೆ ತೊಡಕು ಇರುವುದು ಮಾತಿನಲ್ಲಿಯೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪಹಣಿ, ಬೆಳೆವಿಮೆಯ ನೋಟೀಸು, ಬ್ಯಾಂಕಿನ ಕಾಗದ ಎಲ್ಲವೂ ನನ್ನ ಮುಂದೆ ಬಂದು ಬೀಳುತ್ತವೆ. ಕಳೆದ ವರ್ಷ ಬಾಯಿಯ ಕ್ಯಾನ್ಸರಿಗೆಂದು ಹೊರರಾಜ್ಯದ ಆಸ್ಪತ್ರೆಯೊಂದಕ್ಕೆ ಹೋಗಿದ್ದ ದೊಡ್ಡಪ್ಪ ಅಂತಹುದೇ ಒಂದು ಕಾಗದ ತಂದರು. 14 ಪುಟ, ಇಂಗ್ಲಿಷ್ ಮತ್ತು ತೆಲುಗು. ತೆಲುಗು ಮಾತು ದೊಡ್ಡಪ್ಪನಿಗೆ ಬರುತ್ತದೆ, ಅಕ್ಷರ ಬಾರದು. "ಇದರಾಗ ಏನ್ ಬರ್ದದ ಓದಿ ಹೇಳು ತಮ್ಮಾ, ಹೆಬ್ಬಟ್ಟು ಒತ್ತು ಅಂದಾರ" ಎಂದರು. ಇಂಗ್ಲಿಷ್ ಶಬ್ದವೊಂದಕ್ಕೆ ನಿಘಂಟು 'ಯಾದೃಚ್ಛಿಕ' ಎಂಬ ಅರ್ಥ ಕೊಟ್ಟಿತು. ಆ ಶಬ್ದ ನಮ್ಮ ತರಗತಿಯಲ್ಲೇ ಎಷ್ಟು ಜನರಿಗೆ ಅರ್ಥವಾದೀತು? ಚೀಟಿ ಎತ್ತಿದ ಹಾಗೆ ಎಂದೊಡನೆ ದೊಡ್ಡಪ್ಪ ಕೇಳಿದರು: "ಚೀಟಿ ಯಾರ್ ಎತ್ತತಾರ? ಖಾಲಿ ಚೀಟಿ ಬಂದ್ರ ನನಗೇನ್ ಕೊಡ್ತಾರ? ನಡುವೆ ಬ್ಯಾಡಂದ್ರ ಬಿಡ್ತಾರೇನು?" ಎರಡು ಸಂಜೆ ಕುಳಿತು ಉತ್ತರ ಹುಡುಕಿದೆವು. ಮೂರಕ್ಕೂ ಉತ್ತರ ಆ ಕಾಗದದಲ್ಲಿಯೇ ಇತ್ತು: 3ನೆಯ, 6ನೆಯ, 11ನೆಯ ಪುಟಗಳಲ್ಲಿ. ದೊಡ್ಡಪ್ಪ ಒಪ್ಪಿ ಹೋದರು. ಯಾವ ಚೀಟಿ ಬಂದಿತೋ ಇದುವರೆಗೆ ನಮಗೆ ತಿಳಿಯದು.

2019ರ ಕಟ್ಟಳೆಯ ಪ್ರಕಾರ ಓದುಬರಹ ಬಾರದ ರೋಗಿಯ ಒಪ್ಪಿಗೆ ಪಡೆಯುವಾಗ ಮೊದಲಿನಿಂದ ಕೊನೆಯವರೆಗೆ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬನು ಇರಬೇಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಡಾಕ್ಟರರ ಜೊತೆಗೆ ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ತಿಳಿದವರು, ಮತ್ತೆ ಒಬ್ಬ ಸಮಾಜಶಾಸ್ತ್ರಜ್ಞರೋ ತತ್ತ್ವಶಾಸ್ತ್ರಜ್ಞರೋ ಇರಬೇಕು. ತತ್ತ್ವಶಾಸ್ತ್ರ ಓದಿದರೆ ಹೊಟ್ಟೆಗೆ ಏನು ಸಿಕ್ಕೀತೆಂದು ಕೇಳುವವರು ಇದನ್ನು ಗಮನಿಸಬೇಕು. ಕನ್ನಡ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದಿದವರಿಗಾಗಿ ಕಾನೂನು ಖುರ್ಚಿ ಹಾಕಿಟ್ಟಿದೆ. ಆ ಖುರ್ಚಿಯಲ್ಲಿ ಬೀದರದ ಮಾತು ಬಲ್ಲವರು ಕೂಡದಿದ್ದರೆ ಕಾಗದ ಬರೆಯುವವರಿಗೆ 'ಯಾದೃಚ್ಛಿಕ'ವೇ ಸಾಕಾಗುತ್ತದೆ. ಯಾವ ಆಸ್ಪತ್ರೆಯಲ್ಲಿ ಯಾವ ಪ್ರಯೋಗ ನಡೆದಿದೆ ಎಂಬ ಪಟ್ಟಿಯೂ ಗುಪ್ತವಲ್ಲ. 2007ರಲ್ಲಿ ಆರಂಭವಾದ ರಾಷ್ಟ್ರೀಯ ನೋಂದಣಿ ಪುಸ್ತಕದಲ್ಲಿ ಮೊಬೈಲಿನಲ್ಲಿಯೇ ನೋಡಬಹುದು.

ನಮ್ಮ ಕನ್ನಡ ಸಂಘ ಮುಂದಿನ ವರ್ಷ ಚರ್ಚಾಸ್ಪರ್ಧೆಯೊಂದನ್ನು ಕಡಮೆ ಮಾಡಿ, ಒಪ್ಪಿಗೆ ಪತ್ರವೊಂದನ್ನು ನಮ್ಮ ಜನರ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸುವ ಕೆಲಸ ಕೈಗೊಳ್ಳಲೆಂದು ಉಪನ್ಯಾಸಕ ಮಹನೀಯರಲ್ಲಿ ನನ್ನ ವಿನಂತಿ. ಔರಾದ, ಭಾಲ್ಕಿ, ಬೀದರ ಮೂರೂ ಕಡೆಯ ವಿದ್ಯಾರ್ಥಿಗಳು ಕೂಡಿ ಮಾಡಿದರೆ ಮರಾಠಿ, ಉರ್ದು, ತೆಲುಗು ಪ್ರತಿಗಳೂ ಆದಾವು. ದೊಡ್ಡಪ್ಪನ ಕಾಗದದಿಂದ ನಾನು ಆರಿಸಿದ 23 ಕಠಿಣ ಶಬ್ದಗಳ ಪಟ್ಟಿಯನ್ನು ಗ್ರಂಥಾಲಯದಲ್ಲಿ ಇಟ್ಟಿದ್ದೇನೆ. ಅವುಗಳಲ್ಲಿ ಒಂಬತ್ತಕ್ಕೆ ಇನ್ನೂ ಒಳ್ಳೆಯ ಕನ್ನಡ ಸಿಕ್ಕಿಲ್ಲ.