ದಿನಾ ಒರೆಸಿದರೆ ಕಾರು ಹೊಳೆಯುತ್ತಾ?

ಕಾರು ಅಂದ ಕೂಡಲೇ ಬಹಳಷ್ಟು ಮನೆಗಳಲ್ಲಿ ‘ಅದು ಯಜಮಾನರ ಇಲಾಖೆ’ ಎಂದು ನಾವು ಪಕ್ಕಕ್ಕೆ ಸರಿದುಬಿಡುತ್ತೇವೆ. ಸರ್ವೀಸು, ಇನ್ಶೂರೆನ್ಸು, ಪೆಟ್ರೋಲು ಎಲ್ಲಾ ಅವರೇ ನೋಡಿಕೊಳ್ಳಲಿ, ಸರಿ. ಆದರೆ ಬೆಳಗ್ಗೆ ಕಾರು ಒರೆಸಲು ಬರುವ ಹುಡುಗನಿಗೆ ಬಕೆಟ್ಟು ಕೊಡುವವರು ಯಾರು? ತಿಂಗಳ ಕೊನೆಗೆ ಅವನಿಗೆ ದುಡ್ಡು ಎಣಿಸುವವರು ಯಾರು? ಹರಿದ ಬನಿಯನ್ನು, ಹಳೇ ನೈಟಿ, ಸವೆದ ಟವೆಲ್ಲನ್ನು ‘ಕಾರು ಒರೆಸೋಕೆ ಆಯ್ತು’ ಎಂದು ಎತ್ತಿಡುವವರು ಯಾರು? ನಾವೇ ತಾನೇ! ಹಾಗಾಗಿ ಕಾರಿನ ಬಣ್ಣ ಉಳಿಯೋದೂ ಕೆಡೋದೂ ಮುಕ್ಕಾಲು ಪಾಲು ನಮ್ಮ ಕೈಯಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ.

ಕಾರು ಮಂಕಾಯಿತು ಅನ್ನಿಸಿದರೆ ‘ಪಾಲಿಷ್ ಮಾಡಿಸದೆ ಹೀಗಾಯ್ತು’ ಅಂತೀವಿ. ನಿಜವಾಗಿ ಹಾಳು ಮಾಡುವುದು ದಿನಾ ಬೆಳಗ್ಗೆ ಒಣಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸ. ನಮ್ಮ ಊರುಗಳ ಧೂಳು ಅಂದರೆ ಏನು? ಕಟ್ಟಡದ ಮರಳು, ಸಿಮೆಂಟು, ರಸ್ತೆಯ ಕಲ್ಲಿನ ಪುಡಿ. ಅದರ ಮೇಲೆ ಬಟ್ಟೆ ಒತ್ತಿ ಎಳೆದರೆ ಉಪ್ಪುಕಾಗದ ಎಳೆದ ಹಾಗೆಯೇ. ಸಂಜೆ ಬೀದಿದೀಪದ ಕೆಳಗೆ ನಿಂತು ಕಾರಿನ ಬಾನೆಟ್ ನೋಡಿ. ದೀಪದ ಸುತ್ತ ಜೇಡರಬಲೆಯಂತೆ ದುಂಡಗೆ ಸಣ್ಣ ಸಣ್ಣ ಗೀರುಗಳು ಕಾಣುತ್ತವಲ್ಲ, ಅವು ದಿನಾ ಒರೆಸಿದ್ದರ ಫಲ. ಬೆಳಕು ಆ ಗೀರುಗಳಲ್ಲಿ ಚದುರಿಹೋಗುವುದರಿಂದಲೇ ಬಣ್ಣ ಮಾಸಿದ ಹಾಗೆ ಕಾಣೋದು.

ಈಗಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಒಂದು ಪಾರದರ್ಶಕ ಪದರ ಇರುತ್ತೆ. ಕ್ಲಿಯರ್ ಕೋಟ್ ಅಂತ ಅದರ ಹೆಸರು. ಹೊಳಪು ಕೊಡೋದೂ ಅದೇ, ಬಿಸಿಲಿನಿಂದ ಬಣ್ಣವನ್ನು ಕಾಯೋದೂ ಅದೇ. ಅದರ ದಪ್ಪ ಎಷ್ಟು ಗೊತ್ತಾ? ಸುಮಾರು 40ರಿಂದ 50 ಮೈಕ್ರಾನ್. ನಮ್ಮ ಒಂದು ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್! ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಚಿಂತೆಯಿಲ್ಲ, ಒಳಗೂ ಹಿತ್ತಾಳೆಯೇ. ಒನ್ ಗ್ರಾಂ ಗೋಲ್ಡ್ ಬಳೆಯನ್ನು ಹಾಗೆ ಉಜ್ಜುತ್ತೀರಾ? ಕಾರು ಆ ಬಳೆಯ ಜಾತಿಗೆ ಸೇರಿದ್ದು.

ಪಾಲಿಷ್, ವ್ಯಾಕ್ಸ್ ಎರಡೂ ಒಂದೇ ಅಂದುಕೊಂಡವರು ತುಂಬಾ ಜನ. ಪಾಲಿಷ್ ಅಥವಾ ರಬ್ಬಿಂಗ್ ಅಂದರೆ ಗೀರು ಮರೆಯಾಗುವ ತನಕ ಆ ಮೇಲಿನ ಪದರವನ್ನೇ ಸ್ವಲ್ಪ ಸವೆಸುವುದು. ವ್ಯಾಕ್ಸ್ ಅಂದರೆ ಮೇಲೊಂದು ತೆಳು ರಕ್ಷಣೆ ಹಚ್ಚುವುದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರುಗಳಿಗೆ ಸಾಮಾನ್ಯವಾಗಿ ಈ ಪಾರದರ್ಶಕ ಪದರ ಇರುತ್ತಿರಲಿಲ್ಲ. ಉಜ್ಜಿದರೆ ಮಾಸಿದ ಬಣ್ಣ ಹೋಗಿ ಒಳಗಿನ ಹೊಸ ಬಣ್ಣ ಬರುತ್ತಿತ್ತು. ಆ ಅಭ್ಯಾಸವನ್ನೇ ನಾವು ಇವತ್ತಿನ ಕಾರಿಗೂ ಎಳೆದು ತಂದಿದ್ದೇವೆ. ಪ್ರತಿ ಸರ್ವೀಸಿಗೂ ‘ಮೇಡಂ, ರಬ್ಬಿಂಗ್ ಪಾಲಿಷ್ ಹಾಕಲಾ?’ ಎಂದು ಕೇಳಿದಾಗ ‘ಬೇಡ, ಬರೀ ತೊಳೆದು ಕೊಡಿ’ ಅನ್ನಿ. ಯಂತ್ರ ಹಿಡಿದು ಮಾಡುವ ಪಾಲಿಷ್ ಎರಡು ಮೂರು ವರ್ಷಕ್ಕೊಮ್ಮೆ, ಅದೂ ಬೇಕೆನಿಸಿದರೆ, ಸಾಕು. ಇನ್ನು ಗೀರು ಬಿದ್ದಲ್ಲಿ ಉಗುರು ಆಡಿಸಿ ನೋಡಿ. ಉಗುರು ತಡೆದರೆ ಅದು ಆಳದ ಗೀರು, ಅದಕ್ಕೆ ಪಾಲಿಷ್ ಪ್ರಯೋಜನವಿಲ್ಲ. ತುಕ್ಕು ಹಿಡಿಯುವ ಮುಂಚೆ ಟಚ್ ಅಪ್ ಬಣ್ಣ ಹಚ್ಚಿಸಿಬಿಡಿ.

ಹಾಗಾದರೆ ಏನು ಮಾಡೋಣ? ದಿನಾ ಒರೆಸೋದು ಬಿಟ್ಟು ವಾರಕ್ಕೊಮ್ಮೆ ಸರಿಯಾಗಿ ತೊಳೆಯೋಣ. ಸೊಪ್ಪು ತೊಳೆಯುವಾಗ ನಾವೇನು ಮಾಡ್ತೀವಿ? ಮೊದಲು ನೀರಲ್ಲಿ ಅದ್ದಿ ಮಣ್ಣು ತಳಕ್ಕೆ ಇಳಿಯಲು ಬಿಡುತ್ತೇವೆ. ಕಾರಿಗೂ ಅದೇ. ಬಟ್ಟೆ ಮುಟ್ಟಿಸುವ ಮೊದಲು ಮಗ್ಗಿನಲ್ಲಿ ಮೇಲಿನಿಂದ ನೀರು ಬಿಟ್ಟು ಧೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್ ಬೇಕು. ಒಂದರಲ್ಲಿ ಕಾರ್ ಶಾಂಪೂ ಹಾಕಿದ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಲ್ಲಿ ಜಾಲಿಸಿ, ಆಮೇಲೇ ಶಾಂಪೂ ನೀರಿಗೆ ಅದ್ದಬೇಕು. ಒಂದೇ ಬಕೆಟ್ ಇಟ್ಟುಕೊಂಡರೆ ಬಾಗಿಲಿನ ಕೆಸರನ್ನು ತಂದು ಬಾನೆಟ್ಟಿಗೆ ಉಜ್ಜಿದಂತೆ! ಮೇಲ್ಭಾಗ ಮೊದಲು, ಚಕ್ರದ ಹತ್ತಿರದ ಭಾಗ ಕೊನೆಗೆ, ಟೈರಿಗೆ ಬೇರೆಯೇ ಬಟ್ಟೆ. ದುಂಡಗೆ ತಿರುವದೆ ಉದ್ದುದ್ದ ಒರೆಸಿ. ಬಿಸಿಲಲ್ಲಿ ನಿಂತ ಕಾರಿಗೆ ನೀರು ಹಾಕಬೇಡಿ, ಕಣ್ಣೆದುರೇ ಒಣಗಿ ಕಲೆ ನಿಲ್ಲುತ್ತೆ.

ನೀರಿನ ವಿಷಯಕ್ಕೆ ಬಂದರೆ, ಪೈಪು ಹಿಡಿದು ರಸ್ತೆಯೆಲ್ಲಾ ತೋಯಿಸುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನೆನಪಿದೆಯಲ್ಲ? ‘ಕಾವೇರಿ ನೀರು ಬೇಡ, ಆರ್‌ಓ ಯಂತ್ರದಿಂದ ಹೊರಬರುವ ನೀರು ಇದೆಯಲ್ಲ’ ಎಂದು ಅದನ್ನೇ ಹಿಡಿದಿಟ್ಟು ಕಾರು ತೊಳೆಯುವ ಜಾಣೆಯರು ನಮ್ಮಲ್ಲಿದ್ದಾರೆ. ಒಳ್ಳೆಯ ಯೋಚನೆ, ಆದರೆ ಒಂದು ಎಚ್ಚರಿಕೆ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲಾ ಆ ನೀರಿನಲ್ಲೇ ಇರುತ್ತೆ. ಬೋರ್‌ವೆಲ್ ನೀರೂ ಬಹಳ ಕಡೆ ಹಾಗೆಯೇ ಗಡಸು. ಕಾರಿನ ಮೇಲೆ ಒಣಗಿದರೆ ಬಚ್ಚಲಿನ ನಲ್ಲಿಗೆ ಕಟ್ಟಿದಂಥದೇ ಬಿಳಿ ಪೊರೆ ಕಟ್ಟುತ್ತೆ. ಧೂಳು ಇಳಿಸುವುದಕ್ಕೆ, ಟೈರಿಗೆ ಆ ನೀರು ಬಳಸಿ. ಕೊನೆಯ ಅರ್ಧ ಬಕೆಟ್ ಮಾತ್ರ ಹಿಡಿದಿಟ್ಟ ಮಳೆನೀರಾದರೆ ಬಹಳ ಚೆನ್ನ. ಯಾವ ನೀರಾದರೂ ಒಣಗಲು ಬಿಡದೆ ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಇಷ್ಟಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್. ಕೈಯಲ್ಲೇ ಮಾಡಬಹುದು, ಒಂದು ಭಾನುವಾರದ ಸಂಜೆ ಸಾಕು. ಒಳ್ಳೆಯ ವ್ಯಾಕ್ಸ್‌ಗಳಲ್ಲಿ ಇರುವ ಕಾರ್ನೌಬಾ ಅನ್ನೋದು ಬ್ರೆಜಿಲ್‌ನ ಒಂದು ಜಾತಿ ತಾಳೆಗರಿಯ ಮೇಣ. ಸ್ಪಂಜಿನ ಮೇಲೆ ಸ್ವಲ್ಪವೇ ತೆಗೆದುಕೊಂಡು ಒಂದೊಂದೇ ಭಾಗಕ್ಕೆ ತೆಳ್ಳಗೆ ಹಚ್ಚಿ, ಮಂಜು ಕವಿದ ಹಾಗಾದ ಮೇಲೆ ಒರೆಸಿ ತೆಗೆಯಬೇಕು. ದಪ್ಪಗೆ ಮೆತ್ತಿದರೆ ಹೆಚ್ಚು ಹೊಳೆಯೋಲ್ಲ, ಕೈನೋವು ಮಾತ್ರ ಬರುತ್ತೆ. ಕಪ್ಪು ಪ್ಲಾಸ್ಟಿಕ್ ಭಾಗಕ್ಕೆ ತಾಕಿಸಬೇಡಿ, ಬಿಳಿ ಕಲೆ ಹೋಗೋದಿಲ್ಲ. ನೀರು ಚಿಮುಕಿಸಿದರೆ ಕೆಸುವಿನೆಲೆ ಮೇಲಿನಂತೆ ಮುತ್ತಾಗಿ ಉರುಳುವ ತನಕ ವ್ಯಾಕ್ಸ್ ಇನ್ನೂ ಇದೆ ಅಂತ ಲೆಕ್ಕ.

ಅಡುಗೆಮನೆಯ ಉಪಾಯಗಳು ಇಲ್ಲಿ ಬೇಡ. ಪಾತ್ರೆ ತೊಳೆಯುವ ಸೋಪು ಜಿಡ್ಡಿನ ಜೊತೆ ವ್ಯಾಕ್ಸನ್ನೂ ತೆಗೆದುಬಿಡುತ್ತೆ. ಟೂತ್‌ಪೇಸ್ಟು ಕೂಡ ಉಜ್ಜುವ ವಸ್ತುವೇ. ಕೊಬ್ಬರಿ ಎಣ್ಣೆ ಹಚ್ಚಿದರೆ ಒಂದು ಗಂಟೆ ಮಿರಮಿರ, ಆಮೇಲೆ ಊರಿನ ಧೂಳೆಲ್ಲಾ ಅಲ್ಲೇ.

ಹಕ್ಕಿ ಹಿಕ್ಕೆ ಮಾತ್ರ ವಾರದ ತನಕ ಕಾಯುವ ಹಾಗಿಲ್ಲ. ಅದು ಆಮ್ಲ. ಬಿಸಿಲಿಗೆ ಕಾದರೆ ಪದರವನ್ನೇ ಕೊರೆದು ಗುರುತು ಉಳಿಸುತ್ತೆ. ಕೆರೆಯಬೇಡಿ. ಟಿಶ್ಯೂ ಒದ್ದೆ ಮಾಡಿ ಅದರ ಮೇಲೆ ಐದು ನಿಮಿಷ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಮಾವಿನ ಮರದಡಿ ನಿಲ್ಲಿಸಿದಾಗ ಬೀಳುವ ಅಂಟಿಗೂ ಇದೇ ಉಪಾಯ, ನೀರು ಮಾತ್ರ ಉಗುರುಬೆಚ್ಚಗಿರಲಿ. ಇನ್ನು ಕಾರಿಗೆ ಹೊದಿಸುವ ಕವರ್. ಧೂಳು ಹಿಡಿದ ಕಾರಿಗೆ ಅದನ್ನು ಹೊದಿಸಿದರೆ ಗಾಳಿಗೆ ಅಲ್ಲಾಡಿ ಅಲ್ಲಾಡಿ ರಾತ್ರಿಯೆಲ್ಲಾ ಅದೇ ಒರೆಸುತ್ತಾ ಇರುತ್ತೆ!

ಆಯುಧಪೂಜೆ ದಿನದ ವಿಷಯ ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಪೂಜೆ ಮಾಡೋಣ, ಖಂಡಿತ. ಕುಂಕುಮ, ವಿಭೂತಿಯನ್ನು ಗಾಜಿನ ಮೇಲೋ ನಂಬರ್ ಪ್ಲೇಟಿನ ಅಂಚಿಗೋ ಇಟ್ಟರೆ ದೇವರೇನೂ ಬೇಸರ ಮಾಡಿಕೊಳ್ಳೋಲ್ಲ. ಬಿಳಿ ಕಾರಿನ ಮೇಲೆ ಕಲಸಿ ಹಚ್ಚಿದ ಕುಂಕುಮ ಗುಲಾಬಿ ಕಲೆಯಾಗಿ ಉಳಿದದ್ದನ್ನು ಎಷ್ಟು ಕಡೆ ನೋಡಿಲ್ಲ! ಬಾಳೆಕಂದಿನ ರಸ ಸೀರೆಗೆ ತಾಗಿದರೆ ಹೋಗೋದಿಲ್ಲ ಎಂದು ಗೊತ್ತಿರುವ ನಾವೇ ಅದನ್ನು ಬಂಪರಿಗೆ ಕಟ್ಟಿ ಮೂರು ದಿನ ಊರು ಸುತ್ತುತ್ತೇವೆ. ಹಾರವನ್ನು ತಂತಿಯಲ್ಲಿ ಕಟ್ಟದೆ ದಾರದಲ್ಲಿ ಕಟ್ಟಿ, ಮಾರನೆಯ ದಿನವೇ ಬಿಚ್ಚಿ ತೊಳೆದುಬಿಡಿ.

ಹೊಸ ಕಾರು ಕೊಳ್ಳುವಾಗ ಶೋರೂಮಿನಲ್ಲಿ ಸೆರಾಮಿಕ್ ಕೋಟಿಂಗ್, ಪಿಪಿಎಫ್ ಎಂದು ಹತ್ತಾರು ಸಾವಿರದ ಪಟ್ಟಿ ಮುಂದಿಡುತ್ತಾರೆ. ಸೆರಾಮಿಕ್ ಕೆಲವೇ ಮೈಕ್ರಾನಿನ ಗಟ್ಟಿ ಲೇಪ. ನೀರು, ಕೊಳೆ ಅಂಟದಂತೆ ನೋಡಿಕೊಳ್ಳುತ್ತೆ, ನಿಜ. ಆದರೆ ಮರಳು ಧೂಳಿನ ಬಟ್ಟೆ ಹಿಡಿದು ಒರೆಸಿದರೆ ಅದರ ಮೇಲೂ ಗೀರು ಬಿದ್ದೇ ಬೀಳುತ್ತೆ. ಪಿಪಿಎಫ್ ದಪ್ಪನೆಯ ಪಾರದರ್ಶಕ ಹಾಳೆ, ಕಲ್ಲೇಟನ್ನೂ ತಡೆಯುತ್ತೆ, ಬೆಲೆಯೂ ಹಾಗೇ ಇದೆ. ಮನೆಯವರು ಆ ಪಟ್ಟಿಗೆ ಸಹಿ ಹಾಕುವ ಮುಂಚೆ ‘ಕಾರನ್ನು ದಿನಾ ಯಾರು, ಯಾವುದರಲ್ಲಿ ಒರೆಸ್ತಾರೆ?’ ಎಂದು ನೀವು ಒಂದು ಪ್ರಶ್ನೆ ಹಾಕಿ. ಅದು ಬದಲಾಗದಿದ್ದರೆ ಆ ದುಡ್ಡು ಚೀಟಿಗೆ ಕಟ್ಟೋದೇ ವಾಸಿ.

ಇಷ್ಟೆಲ್ಲಾ ಓದಿ ಬೆಳಗಿನ ಹುಡುಗನನ್ನು ಬಯ್ಯಲು ಹೋಗಬೇಡಿ. ಅಪಾರ್ಟ್‌ಮೆಂಟಿನ ಹತ್ತು ಹದಿನೈದು ಕಾರುಗಳನ್ನು ಆಫೀಸಿನ ಹೊತ್ತಿಗೆ ಮುಗಿಸಬೇಕು, ಸಿಗೋದು ಒಂದು ಬಕೆಟ್ ನೀರು. ಅವನು ತಾನೇ ಏನು ಮಾಡ್ತಾನೆ? ‘ದಿನಾ ಬೇಡಪ್ಪಾ, ವಾರಕ್ಕೆ ಒಂದು ಸಲ ಚೆನ್ನಾಗಿ ತೊಳಿ, ಮಿಕ್ಕ ದಿನ ಗಾಜು ಮಾತ್ರ ಒರೆಸು, ದುಡ್ಡು ಅಷ್ಟೇ ಕೊಡ್ತೀನಿ’ ಅನ್ನಿ. ‘ದಿನಾ ಒರೆಸದೆ ಯಾಕೆ ಸಂಬಳ?’ ಎಂದು ಮನೆಯಲ್ಲಿ ಕೇಳಿದರೆ, ಮೇಲಿನ ತಲೆಗೂದಲಿನ ಲೆಕ್ಕ ಹೇಳಿ.

ಅವನಿಗೆ ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ ನೀವೇ ಕೊಡಿಸಿ. ಅವನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ, ನೂಲಿನ ಜುಂಗು ಹಿಡಿಯುತ್ತೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಕೂಡ ಬೇಡ, ಎಳೆಗಳು ಮುಚ್ಚಿಹೋಗಿ ನೀರು ಹೀರೋದಿಲ್ಲ. ಒಂದು ಸಲ ನೆಲಕ್ಕೆ ಬಿದ್ದ ಬಟ್ಟೆ ಟೈರಿಗೆ ಸರಿ, ಬಾನೆಟ್ಟಿಗೆ ಬೇಡ.