ಎಷ್ಟ್ ವ್ಯೂಸ್ ಅದಾವ?

ಧಾರವಾಡದ ಸಪ್ತಾಪುರದಲ್ಲಿ ನಾವು ನಾಲ್ವರು ಒಂದು ರೂಮಿನಲ್ಲಿದ್ದೇವೆ. ನಾಲ್ವರೂ ಸ್ಪರ್ಧಾತ್ಮಕ ಪರೀಕ್ಷೆಯ ಗಿರಾಕಿಗಳು. ರಾತ್ರಿ ಹನ್ನೊಂದಾದರೆ ಓದು ನಿಲ್ಲುತ್ತದೆ, ಮೊಬೈಲ್ ಶುರುವಾಗುತ್ತದೆ. ಈಚೆಗೆ ಒಂದು ಶುಕ್ರವಾರ ನಾನು ಇಯರ್‌ಫೋನ್‌ನ ಒಂದು ತುದಿಯನ್ನು ಪಕ್ಕದ ಹಾಸಿಗೆಯ ಗೆಳೆಯನ ಕಿವಿಗೆ ಸಿಕ್ಕಿಸಿದೆ. ಆಸ್ಟ್ರೇಲಿಯಾದ ಯಾವುದೋ ಪುಟ್ಟ ಪಂಕ್ ತಂಡ ಅದೇ ದಿನ ಬಿಟ್ಟಿದ್ದ ಹಾಡು. ಒಂದು ನಿಮಿಷ ನಲವತ್ತು ಸೆಕೆಂಡ್, ಅಷ್ಟೇ. ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಗಿಟಾರ್, ಹಾಡುವ ಹುಡುಗಿಯ ಒಡೆದ ಗಂಟಲು. ಗೆಳೆಯ ಅರ್ಧ ನಿಮಿಷ ಕೇಳಿದ. ಆಮೇಲೆ ನನ್ನ ಮೊಬೈಲಿನತ್ತ ಬಗ್ಗಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟ್ ವ್ಯೂಸ್ ಅದಾವ ಲೇ?"

ಇನ್ನೂರ ಹನ್ನೆರಡು ಇದ್ದವು.

"ಅಷ್ಟ ಏನು?" ಎಂದವನೇ ಇಯರ್‌ಫೋನ್ ವಾಪಸ್ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಬದುಕೇ ಅಂಕಿಗಳಲ್ಲಿ ನಡೆಯುತ್ತಿದೆ. ಎಷ್ಟು ಹುದ್ದೆ, ಎಷ್ಟು ಲಕ್ಷ ಅರ್ಜಿ, ಹೋದ ಸಲದ ಕಟ್ ಆಫ್ ಎಷ್ಟು, ನೆಗೆಟಿವ್ ಮಾರ್ಕಿಂಗ್ ಎಷ್ಟು. ಲಕ್ಷದ ಲೆಕ್ಕದಲ್ಲಿ ಯೋಚಿಸಿ ಯೋಚಿಸಿ ಇನ್ನೂರ ಹನ್ನೆರಡು ಜನ ಎಂದರೆ ಸೊನ್ನೆಗೆ ಸಮ ಎಂದು ನಮಗೆ ಅನ್ನಿಸತೊಡಗಿದೆ. ಆದರೆ ಇನ್ನೂರ ಹನ್ನೆರಡು ಜನ ನಮ್ಮೂರಿನ ಸಮುದಾಯ ಭವನದಲ್ಲಿ ಕೂತರೆ ಕುರ್ಚಿ ಸಾಲುವುದಿಲ್ಲ! ಆ ಪ್ರಶ್ನೆಯನ್ನು ಹಾಡಿಗೆ ಕೇಳುವುದೇ ತಪ್ಪು ಅನ್ನುವುದು ನನ್ನ ವಾದ. ಪಂಕ್ ಮತ್ತು ಪವರ್ ಪಾಪ್ ಹಾಡಿಗಂತೂ ಇನ್ನೂ ತಪ್ಪು.

ಇವೆರಡರ ಪರಿಚಯ ಇಲ್ಲದವರಿಗೆ ಎರಡು ಮಾತು. ಪಂಕ್ ಅಂದರೆ ಮೂರು ಕಾರ್ಡ್, ವೇಗ, ಸಿಟ್ಟು. ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಬೆಳೆದ ಸಂಗೀತ. ಪವರ್ ಪಾಪ್ ಅದಕ್ಕಿಂತ ಹಳೆಯದು. ಆ ಹೆಸರನ್ನು 1967ರಲ್ಲಿ ಚಲಾವಣೆಗೆ ತಂದವನು 'ದಿ ಹೂ' ತಂಡದ ಪೀಟ್ ಟೌನ್‌ಶೆಂಡ್. ಗಿಟಾರಿನ ಸದ್ದು ಜೋರು, ಆದರೆ ರಾಗ ಸಿಹಿ, ಒಮ್ಮೆ ಕೇಳಿದರೆ ಸ್ನಾನದ ಮನೆಯಲ್ಲಿ ಗುನುಗುವಂಥದ್ದು. ಪಂಕ್ ಬರೀ ಹಸಿಮೆಣಸಿನಕಾಯಿಯಾದರೆ ಪವರ್ ಪಾಪ್ ಬೆಲ್ಲ ತುಂಬಿದ ಹಸಿಮೆಣಸಿನಕಾಯಿ. (ಹೋಲಿಕೆ ಕೆಟ್ಟದಾಗಿದೆ, ಗೊತ್ತು. ಮಿರ್ಚಿ ಭಜಿ ಊರಿನವನು, ಕ್ಷಮಿಸಿ.)

ನಾನು ಇದಕ್ಕೆ ಬಿದ್ದದ್ದು ಬಿ.ಕಾಂ. ಎರಡನೇ ವರ್ಷದಲ್ಲಿ, ಗೆಳೆಯನೊಬ್ಬನ ಪೆನ್‌ಡ್ರೈವ್‌ನಿಂದ. ಅದರಲ್ಲಿ ಬಝ್‌ಕಾಕ್ಸ್ ಎಂಬ ತಂಡದ ನಾಲ್ಕು ಹಾಡುಗಳಿದ್ದವು. ಹಾಡಿಗಿಂತ ಅದು ಹುಟ್ಟಿದ ಕಥೆ ನನ್ನನ್ನು ಹಿಡಿದಿತು. ಕಾಲೇಜಿನವರು ಓದಲೇಬೇಕಾದ ಕಥೆ ಅದು.

ಇಂಗ್ಲೆಂಡಿನ ಬೋಲ್ಟನ್ನಿನ ಒಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹೊವಾರ್ಡ್ ಡಿವೋಟೊ ಎಂಬ ವಿದ್ಯಾರ್ಥಿ, ಜೊತೆಗೆ ಬಾರಿಸುವವರು ಬೇಕು ಎಂದು ಚೀಟಿ ಅಂಟಿಸಿದ. ಅದನ್ನು ನೋಡಿ ಬಂದವನು ಪೀಟ್ ಶೆಲ್ಲಿ, ಅವನೂ ಅಲ್ಲಿನ ವಿದ್ಯಾರ್ಥಿಯೇ. 1976ರ ಫೆಬ್ರುವರಿಯಲ್ಲಿ ಇಬ್ಬರೂ 'ಸೆಕ್ಸ್ ಪಿಸ್ಟಲ್ಸ್' ತಂಡವನ್ನು ನೋಡಲೆಂದೇ ಊರು ಬಿಟ್ಟು ಹೋದರು. ವಾಪಸ್ ಬಂದು ತಮ್ಮದೇ ತಂಡ ಕಟ್ಟಿದರು. ಆಗ ರೆಕಾರ್ಡ್ ಮಾಡಬೇಕೆಂದರೆ ಲಂಡನ್ನಿನ ದೊಡ್ಡ ಕಂಪನಿಗಳ ಬಾಗಿಲು ಕಾಯಬೇಕಿತ್ತು. ಇವರು ಕಾಯಲಿಲ್ಲ. ಮನೆಯವರಿಂದ, ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ತಂದರು. 1976ರ ಡಿಸೆಂಬರ್ 28ರಂದು ಮ್ಯಾಂಚೆಸ್ಟರಿನ ಒಂದು ಸ್ಟುಡಿಯೊ ಹೊಕ್ಕರು. ರೆಕಾರ್ಡಿಂಗು, ಮಿಕ್ಸಿಂಗು ಎಲ್ಲ ಸೇರಿ ಕೆಲವೇ ತಾಸು. 1977ರ ಜನವರಿ ಕೊನೆಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಏಳು ಇಂಚಿನ ರೆಕಾರ್ಡು ಅವರದೇ ಲೇಬಲ್ಲಿನಲ್ಲಿ ಹೊರಬಂತು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಮುಖಪುಟದ ಫೋಟೊ ಅವರ ಮ್ಯಾನೇಜರ್ ಪೊಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದದ್ದು.

ನನಗೆ ತುಂಬಾ ಇಷ್ಟವಾದದ್ದು ಆ ರೆಕಾರ್ಡಿನ ಹೊದಿಕೆಯ ಮೇಲಿದ್ದ ಒಂದು ಸಣ್ಣ ವಿವರ. ಯಾವ ಹಾಡು ಎಷ್ಟನೇ ಟೇಕಿಗೆ ಓಕೆ ಆಯಿತು, ಆಮೇಲೆ ಅದರ ಮೇಲೆ ಮತ್ತೇನಾದರೂ ಸೇರಿಸಿದರೋ ಇಲ್ಲವೋ ಎಂದು ಅಲ್ಲಿ ಬರೆದಿದ್ದರು. ಅಡುಗೆ ಭಟ್ಟ ಊಟದ ಜೊತೆಗೆ ಅಡುಗೆಮನೆಯ ಕೀಲಿಯನ್ನೂ ಕೊಟ್ಟ ಹಾಗೆ! ಇಷ್ಟೇ ಕಣ್ರೀ, ನೀವೂ ಮಾಡಬಹುದು ಎಂದು ತೋರಿಸಿಬಿಟ್ಟರು. ಆ ಸಾವಿರ ಪ್ರತಿ ಖರ್ಚಾಗಿ, ಮತ್ತೆ ಮುದ್ರಿಸಿ, ಕೊನೆಗೆ ಅಂಚೆ ಮೂಲಕವೂ ಅಂಗಡಿಗಳ ಮೂಲಕವೂ ಹದಿನಾರು ಸಾವಿರದವರೆಗೆ ಹೋಯಿತು. ಅಷ್ಟರಲ್ಲಿ ಡಿವೋಟೊ ತಂಡ ಬಿಟ್ಟೇ ಹೋಗಿದ್ದ. ಶೆಲ್ಲಿ ಮುಂದುವರಿಸಿದ. ಪಂಕ್‌ನ ವೇಗದೊಳಗೆ ಪವರ್ ಪಾಪ್‌ನ ಸಿಹಿ ರಾಗ ಕೂರಿಸಿದವರಲ್ಲಿ ಅವನದು ದೊಡ್ಡ ಹೆಸರು.

ಈಗಲೂ ಇದೇ ನಡೆದಿದೆ. ಫಿಲಡೆಲ್ಫಿಯಾದ 'ಶೀರ್ ಮ್ಯಾಗ್' ತಂಡ 2014ರಿಂದ 2016ರವರೆಗೆ ವರ್ಷಕ್ಕೊಂದರಂತೆ ನಾಲ್ಕು ನಾಲ್ಕು ಹಾಡಿನ ಮೂರು ಪುಟ್ಟ ರೆಕಾರ್ಡುಗಳನ್ನು ತಾನೇ ಬಿಡುಗಡೆ ಮಾಡಿತು. ಹಾಡುಗಾರ್ತಿಯ ಧ್ವನಿ ಪಕ್ಕದ ಕೋಣೆಯಿಂದ ಬಂದಂತಿದೆ. ಆದರೂ ಆ ರಾಗಗಳು ತಲೆ ಬಿಟ್ಟು ಹೋಗುವುದಿಲ್ಲ. 2024ರಲ್ಲಿ ಅವರ 'ಪ್ಲೇಯಿಂಗ್ ಫೇವರಿಟ್ಸ್' ಆಲ್ಬಂ ಬಂದಾಗ ಅದು ಜ್ಯಾಕ್ ವೈಟ್‌ನ ಲೇಬಲ್ಲಿನಲ್ಲಿತ್ತು. ಮೆಲ್ಬರ್ನಿನ 'ಆಮಿಲ್ ಆ್ಯಂಡ್ ದಿ ಸ್ನಿಫರ್ಸ್' 2016ರಲ್ಲಿ ತನ್ನ ಮೊದಲ ಪುಟ್ಟ ಸಂಕಲನವನ್ನು ಬರೆದು, ರೆಕಾರ್ಡ್ ಮಾಡಿ, ಲೋಕಕ್ಕೆ ಬಿಟ್ಟದ್ದು ಹನ್ನೆರಡೇ ತಾಸಿನಲ್ಲಿ. ನಾನು ಒಂದು ಅರ್ಜಿಗೆ ಫೋಟೊ, ಸಹಿ ಅಪ್‌ಲೋಡ್ ಮಾಡಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದೇನೆ! ಇನ್ನು ಫಿಲಡೆಲ್ಫಿಯಾದ್ದೇ 'ಸೆಕೆಂಡ್ ಗ್ರೇಡ್' ಎಂಬ ಪವರ್ ಪಾಪ್ ತಂಡ 2020ರ 'ಹಿಟ್ ಟು ಹಿಟ್' ಆಲ್ಬಂನಲ್ಲಿ ಇಪ್ಪತ್ನಾಲ್ಕು ಹಾಡು ತುಂಬಿತು. ಬಹಳಷ್ಟು ಹಾಡು ಎರಡು ನಿಮಿಷ ದಾಟುವುದಿಲ್ಲ. ಹೇಳಬೇಕಾದ್ದು ಮುಗಿಯಿತು, ಹಾಡು ಮುಗಿಯಿತು.

ಎಲ್ಲವೂ ಚೆನ್ನಾಗಿರುತ್ತವೆ ಎಂದರೆ ಸುಳ್ಳಾಗುತ್ತದೆ. ಪ್ರತಿ ಶುಕ್ರವಾರ ನಾನು ಕೇಳುವ ಹತ್ತು ಹೊಸ ಹಾಡಿನಲ್ಲಿ ಆರು ಕೆಟ್ಟದಾಗಿರುತ್ತವೆ, ಮೂರು ನಡೆಯುತ್ತವೆ. ಒಂದು ಮಾತ್ರ ಮುಂದಿನ ಶುಕ್ರವಾರದವರೆಗೆ ಜೊತೆಗಿರುತ್ತದೆ. ಆದರೆ ಆ ಕೆಟ್ಟ ಆರೂ ಹಾಡುಗಳು ಮುಗಿದಿವೆ, ಹೊರಗೆ ಬಂದಿವೆ. ಅದಕ್ಕೆ ನನ್ನ ಗೌರವವಿದೆ.

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದ್ದೆ. "ಅದರಿಂದ ಹೊಟ್ಟಿ ತುಂಬತೈತೇನು?" ಎಂದರು. ತುಂಬುವುದಿಲ್ಲ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ: ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಲೆಕ್ಕದಲ್ಲಿ ಪಾಲಿಲ್ಲ. ಅಲ್ಲಿಗೂ ಕಟ್ ಆಫ್ ಬಂತು ನೋಡಿ! ನನ್ನ ಇನ್ನೂರ ಹನ್ನೆರಡರ ಹುಡುಗಿಗೆ ಅಲ್ಲಿ ಒಂದು ಪೈಸೆಯೂ ಹುಟ್ಟುವುದಿಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ತಂಡವೇ ಬೆಲೆ ಇಡಬಹುದು, ಕೇಳುಗ ಬೇಕಿದ್ದರೆ ಹೆಚ್ಚು ಕೊಡಬಹುದು. ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15ರಷ್ಟು ಆ ತಾಣ ಹಿಡಿದುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಕಛೇರಿಗಳೆಲ್ಲ ನಿಂತಾಗ, ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುವ ಪದ್ಧತಿ ಶುರುಮಾಡಿತು. ಆ ಕಂಪನಿಯೇ 2022ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಮಾರಾಟವಾಯಿತು, ಅಲ್ಲಿನ ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಹಾಗಾಗಿ ಅದನ್ನೂ ದೇವಸ್ಥಾನ ಎಂದು ನಾನು ಹೇಳಲಾರೆ. ನಾನಂತೂ ಅಣ್ಣನ ಕಾರ್ಡಿನಲ್ಲಿ ಎರಡು ತಿಂಗಳಿಗೊಂದು ಆಲ್ಬಂ ಕೊಳ್ಳುತ್ತೇನೆ. ಒಂದು ವಾರದ ಚಹಾದ ದುಡ್ಡು. ಅಣ್ಣ ಬೈಯುತ್ತಾನೆ, ಕೊಡುತ್ತಾನೆ.

ಸಣ್ಣ ಬಿಡುಗಡೆಯ ಬಗ್ಗೆ ಮಾತು ಬಂದಾಗಲೆಲ್ಲ ಗೆದ್ದವರ ಕಥೆಯನ್ನೇ ಹೇಳುತ್ತಾರೆ. ಉತ್ತರ ಐರ್ಲೆಂಡಿನ ಡೆರಿ ಊರಿನ 'ಅಂಡರ್‌ಟೋನ್ಸ್' ಹುಡುಗರು ಬೆಲ್‌ಫಾಸ್ಟ್‌ನ ಒಂದು ರೆಕಾರ್ಡ್ ಅಂಗಡಿಯವನ ಪುಟ್ಟ ಲೇಬಲ್ಲಿನಲ್ಲಿ 1978ರಲ್ಲಿ 'ಟೀನೇಜ್ ಕಿಕ್ಸ್' ತಂದರು. ಬಿಬಿಸಿಯ ಜಾನ್ ಪೀಲ್ ಅದನ್ನು ರೇಡಿಯೊದಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಹಾಕಿದ. ಅವರ ದೆಸೆ ತಿರುಗಿತು. ಚೆಂದದ ಕಥೆಯೇ. ಆದರೆ ಅದು ಲಾಟರಿ ಹತ್ತಿದವನ ಕಥೆ. ಲಾಟರಿ ಹತ್ತದವನ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ.

ಅಮೆರಿಕದ ಮೆಂಫಿಸ್‌ನಲ್ಲಿ 'ಬಿಗ್ ಸ್ಟಾರ್' ಎಂಬ ತಂಡವಿತ್ತು. 1972ರಲ್ಲಿ ಮೊದಲ ಆಲ್ಬಂ ಬಂತು, ಹೆಸರು 'ನಂಬರ್ ಒನ್ ರೆಕಾರ್ಡ್'. ವಿಮರ್ಶಕರು ಹೊಗಳಿದರು. ಆದರೆ ವಿತರಣೆ ಕೆಟ್ಟು ಅಂಗಡಿಗಳಿಗೆ ರೆಕಾರ್ಡುಗಳೇ ಸರಿಯಾಗಿ ತಲುಪಲಿಲ್ಲ. ಹತ್ತು ಸಾವಿರವೂ ಖರ್ಚಾಗಲಿಲ್ಲ. ತಂಡ ಕಟ್ಟಿದವರಲ್ಲಿ ಒಬ್ಬನಾದ ಕ್ರಿಸ್ ಬೆಲ್ ಅದೇ ವರ್ಷ ತಂಡ ಬಿಟ್ಟ. ಆಮೇಲೆ ಒಬ್ಬನೇ ಹಾಡು ಬರೆದ, ರೆಕಾರ್ಡ್ ಮಾಡಿದ. ಅಪ್ಪನ ಹೋಟೆಲಿನಲ್ಲಿ ಕೆಲಸವನ್ನೂ ಮಾಡಿದ. ಟೇಪುಗಳು ಉಳಿದೇ ಇದ್ದವು. 1978ರಲ್ಲಿ ಪುಟ್ಟ ಲೇಬಲ್ ಒಂದು ಅವನ ಎರಡು ಹಾಡುಗಳ ಒಂದು ಸಿಂಗಲ್ ತಂದಿತು. ಅವನೊಬ್ಬನ ಹೆಸರಿನಲ್ಲಿ ಅವನ ಜೀವಿತಕಾಲದಲ್ಲಿ ಬಂದದ್ದು ಅದೊಂದೇ. ಅದೇ ವರ್ಷ ಡಿಸೆಂಬರ್ 27ರಂದು ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತೇಳು. ಉಳಿದ ಹಾಡುಗಳೆಲ್ಲ ಸೇರಿ ಆಲ್ಬಂ ಆಗಿ ಹೊರಬರಲು 1992 ಬರಬೇಕಾಯಿತು. ಈಗ ಪವರ್ ಪಾಪ್ ಬಾರಿಸುವ ಹುಡುಗರು ಬಿಗ್ ಸ್ಟಾರ್ ಹೆಸರು ಹೇಳಿ ಕಿವಿ ಮುಟ್ಟಿಕೊಳ್ಳುತ್ತಾರೆ.

ಆ ಸಿಂಗಲ್ ಕೊಂಡವರು ಎಷ್ಟು ಮಂದಿಯೋ. ಬಹಳ ಮಂದಿ ಇರಲಾರರು. ಆದರೂ ಅದೊಂದು ಬಾರದೇ ಇದ್ದಿದ್ದರೆ ಅವನು ತನ್ನ ಹೆಸರಿದ್ದ ರೆಕಾರ್ಡನ್ನು ಕೈಯಲ್ಲಿ ಹಿಡಿದು ನೋಡುವುದೂ ಆಗುತ್ತಿರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ನನ್ನದೇ. ಬಿ.ಕಾಂ. ಕೊನೆಯ ವರ್ಷ ಹುಬ್ಬಳ್ಳಿಯಲ್ಲಿ ನಾವು ಮೂವರು ಸೇರಿ ಕನ್ನಡದಲ್ಲಿ ಮೂರು ಹಾಡು ಮಾಡಿದ್ದೆವು. ಒಬ್ಬನ ಮಾವನ ಹತ್ತಿ ಗೋದಾಮು ಖಾಲಿಯಿತ್ತು, ಅಲ್ಲೇ ಎರಡು ಮೊಬೈಲಿಟ್ಟು ರೆಕಾರ್ಡ್ ಮಾಡಿದೆವು. ಅರ್ಧ ಡ್ರಮ್ ಸೆಟ್, ಕಂತಿನಲ್ಲಿ ತಂದ ಗಿಟಾರ್. ಒಂದು ಹಾಡು ಬಸ್ ಪಾಸಿನ ಬಗ್ಗೆ, ಒಂದು ಹಾಸ್ಟೆಲ್ ಸಾಂಬಾರಿನ ಬಗ್ಗೆ, ಮೂರನೆಯದು ಯಾರ ಬಗ್ಗೆ ಎಂದು ಹೇಳುವುದಿಲ್ಲ. ಆಗ ಬಿಡಲಿಲ್ಲ. ಸೌಂಡ್ ಸರಿಯಿಲ್ಲ ಎಂದೆವು. ಒಳ್ಳೆಯ ಮೈಕ್ ಬರಲಿ ಎಂದೆವು. ಪರೀಕ್ಷೆ ಮುಗಿಯಲಿ, ನೌಕರಿ ಸಿಗಲಿ, ಆಮೇಲೆ ಸ್ಟುಡಿಯೊದಲ್ಲಿ ಮಾಡೋಣ ಎಂದೆವು. ಫೈಲ್ ಹೆಸರು ಫೈನಲ್ 1ರಿಂದ ಫೈನಲ್ 7ಕ್ಕೆ ಬಂತು. ಡ್ರಮ್ ಬಾರಿಸುವವನು ಪುಣೆಯ ಕಾರ್ಖಾನೆಗೆ ಹೋದ, ಅವನದು ರಾತ್ರಿ ಪಾಳಿ. ಬಾಸ್‌ನವನಿಗೆ ಮದುವೆಯಾಯಿತು. ನಾನು ಸಪ್ತಾಪುರಕ್ಕೆ ಬಂದೆ. ನಾನು ಕಟ್ಟಿದ ಒಂದು ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಯಿತು. ಎರಡೂವರೆ ವರ್ಷ ಕಳೆಯಿತು.

ಪರೀಕ್ಷೆ ಮುಂದಕ್ಕೆ ಹೋಗುವುದು ನನ್ನ ಕೈಯಲ್ಲಿಲ್ಲ. ಫೈನಲ್ 7 ನನ್ನ ಕೈಯಲ್ಲೇ ಇತ್ತು. ನೌಕರಿಯ ವಿಷಯದಲ್ಲಿ ಕಾಯುವ ಚಟ ಕೈಯಲ್ಲಿದ್ದ ಕೆಲಸಕ್ಕೂ ಅಂಟಿಬಿಟ್ಟಿತ್ತು. ನಮ್ಮ ಓಣಿಯಲ್ಲೇ ಕಥೆ ಬರೆದು ಯಾರಿಗೂ ತೋರಿಸದವರಿದ್ದಾರೆ, ಕಿರುಚಿತ್ರ ಮಾಡಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟವರಿದ್ದಾರೆ. ಕೇಳಿದರೆ ಎಲ್ಲರದೂ ಒಂದೇ ಮಾತು: ಇನ್ನೂ ಸ್ವಲ್ಪ ಕೆಲಸ ಬಾಕಿ ಐತಿ.

ಹೋದ ಭಾನುವಾರ ಪುಣೆಗೆ ಫೋನ್ ಮಾಡಿದೆ. ಪಾಳಿ ಮುಗಿಸಿ ಮಲಗಿದ್ದವನು ಎದ್ದು, "ಯಾವ ಹಾಡು? ಅದನ್ನ ಇನ್ನೂ ಇಟ್ಟೀಯೇನು?" ಎಂದ. ಬಾಸ್‌ನವನು ಹೆಂಡತಿಗೆ ಕೇಳಿಸಬೇಡ ಎಂಬ ಷರತ್ತಿನ ಮೇಲೆ ಒಪ್ಪಿದ. ಮೂರನೇ ಹಾಡು ಅವನದೇ ರಚನೆ. ಗೋದಾಮಿನ ತಗಡಿನ ಬಾಗಿಲನ್ನು ಮೊಬೈಲಿನಲ್ಲಿ ತೆಗೆದಿದ್ದ ಹಳೆಯ ಫೋಟೊ ಒಂದಿತ್ತು, ಅದನ್ನೇ ಮುಖಪುಟ ಮಾಡಿದೆವು. ವಿವರದಲ್ಲಿ ಬರೆದೆವು: ಬಸ್ ಪಾಸ್, ಆರನೇ ಟೇಕ್. ಸಾಂಬಾರ್, ಎರಡನೇ ಟೇಕ್, ನಡುವೆ ಕೇಳುವುದು ಲಾರಿ ಹಾರ್ನ್. ಸಂಜೆ ಏಳಕ್ಕೆ ಯೂಟ್ಯೂಬಿಗೆ ಹಾಕಿದೆವು.

ಮರುದಿನ ಬೆಳಿಗ್ಗೆ ನೀರು ಹಿಡಿಯಲು ನಿಂತಾಗ ಪಕ್ಕದ ಹಾಸಿಗೆಯ ಗೆಳೆಯ ಬ್ರಷ್ ಬಾಯಲ್ಲಿಟ್ಟುಕೊಂಡೇ ಕೇಳಿದ, "ಎಷ್ಟ್ ವ್ಯೂಸ್?"

"ಹದಿನೇಳು."

"ಅದರಾಗ ನಂದ ಎರಡದಾವ," ಎಂದ. "ಬಸ್ ಪಾಸ್ ಚಲೋ ಐತಿ."